ಮಲಗಿಯೇ ಇರಬೇಕೇ? ಕ್ಯಾನ್ಸರ್ ರೋಗಿ ಮತ್ತು ಮಿತವಾದ ವ್ಯಾಯಾಮ

ಮನೆಯಲ್ಲೊಬ್ಬರಿಗೆ ಕ್ಯಾನ್ಸರ್ ಎಂದು ತಿಳಿದ ದಿನದಿಂದ ನಾವು ಅವರ ಕೈಯಿಂದ ಒಂದೊಂದೇ ಕೆಲಸ ಕಿತ್ತುಕೊಳ್ಳುತ್ತೇವೆ. ನೀರಿನ ಲೋಟ ಹಾಸಿಗೆಯ ಬಳಿಗೇ ಬರುತ್ತದೆ. ಅಡುಗೆಮನೆಗೆ ಕಾಲಿಟ್ಟರೆ ಸೊಸೆ ಗದರುತ್ತಾಳೆ. ರೋಗಿಯನ್ನು ಕಾಣಲು ಬಂದವರೂ "ಏಳಬೇಡಿ, ಮಲಗಿರಿ" ಎನ್ನುತ್ತಾರೆ. ಎಲ್ಲವೂ ಪ್ರೀತಿಯಿಂದಲೇ. ಆದರೆ ಎರಡು ತಿಂಗಳಲ್ಲಿ ಅವರು ಶೌಚಾಲಯಕ್ಕೂ ಇನ್ನೊಬ್ಬರ ಹೆಗಲು ಹಿಡಿದು ಹೋಗುವಂತಾದರೆ, ಅದರಲ್ಲಿ ರೋಗದ ಪಾಲೆಷ್ಟು, ನಮ್ಮ ಪ್ರೀತಿಯ ಪಾಲೆಷ್ಟು?

ಒಂದು ಕಾಲದಲ್ಲಿ ವೈದ್ಯರೂ ವಿಶ್ರಾಂತಿಯನ್ನೇ ಹೇಳುತ್ತಿದ್ದರು. ಕೀಮೋಥೆರಪಿ, ರೇಡಿಯೇಶನ್ ಪಡೆಯುವವರನ್ನು ಕಾಡುವ ಆಯಾಸ ದುಡಿದು ಬಂದವರ ಆಯಾಸದಂತಲ್ಲ. ರಾತ್ರಿಯಿಡೀ ನಿದ್ರಿಸಿದರೂ ಹೋಗದು. ಸುಸ್ತೆಂದು ಮಲಗಿದರೆ ಬಳಕೆಯಿಲ್ಲದ ಸ್ನಾಯುಗಳು ಕರಗುತ್ತವೆ, ಹೃದಯ ಮತ್ತು ಶ್ವಾಸಕೋಶಗಳ ಕಸುವು ತಗ್ಗುತ್ತದೆ. ಆಮೇಲೆ ಅದೇ ಕೆಲಸಕ್ಕೆ ಮೊದಲಿಗಿಂತ ಹೆಚ್ಚು ಸುಸ್ತು. ಮತ್ತೆ ಹಾಸಿಗೆ. ಈ ಸುತ್ತಿನಿಂದ ಹೊರಬರಲು ಮಿತವಾದ ಚಲನೆ ನೆರವಾಗುತ್ತದೆ. 2019ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಪ್ರಕಟಿಸಿದ ತಜ್ಞರ ಸಲಹೆಯಂತೆ, ವಾರಕ್ಕೆ ಮೂರು ದಿನ 30 ನಿಮಿಷಗಳ ಸಾಧಾರಣ ವ್ಯಾಯಾಮವನ್ನು ಕೆಲವು ವಾರ ಮುಂದುವರಿಸಿದರೆ ಆಯಾಸ, ಆತಂಕ, ಖಿನ್ನತೆ ಕಡಿಮೆಯಾಗುತ್ತವೆ.

ದೊಡ್ಡ ಸುದ್ದಿ ಬಂದದ್ದು 2025ರಲ್ಲಿ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮತ್ತು ಕೀಮೋ ಮುಗಿಸಿದ್ದ 889 ರೋಗಿಗಳನ್ನು ಎರಡು ಗುಂಪು ಮಾಡಲಾಗಿತ್ತು. ಒಂದು ಗುಂಪಿಗೆ ಆರೋಗ್ಯದ ಕುರಿತ ಪುಸ್ತಿಕೆ. ಇನ್ನೊಂದಕ್ಕೆ ಮೂರು ವರ್ಷ ತರಬೇತುದಾರರ ಮಾರ್ಗದರ್ಶನದಲ್ಲಿ ವ್ಯಾಯಾಮ. ಎಂಟು ವರ್ಷಗಳ ಲೆಕ್ಕದಲ್ಲಿ ಪುಸ್ತಿಕೆ ಪಡೆದವರಲ್ಲಿ ನೂರಕ್ಕೆ ಸುಮಾರು 83 ಮಂದಿ, ವ್ಯಾಯಾಮ ಮಾಡಿದವರಲ್ಲಿ ಸುಮಾರು 90 ಮಂದಿ ಬದುಕಿದ್ದರು. ಇದು ಒಂದು ಬಗೆಯ ಕ್ಯಾನ್ಸರ್‌ನ ಮಾತು, ಎಲ್ಲಕ್ಕೂ ಅನ್ವಯಿಸಲಾಗದು. ಎರಡೂ ಗುಂಪಿನವರು ಚಿಕಿತ್ಸೆ ಪೂರ್ತಿ ಪಡೆದಿದ್ದರು ಎಂಬುದನ್ನೂ ಮರೆಯಬಾರದು. ಮದ್ದು ಬಿಟ್ಟು ನಡೆದರೆ ಸಾಕು ಎನ್ನುವವರು ಸಿಕ್ಕರೆ ಅವರಿಂದ ದೂರವಿರಿ.

ಹಾಗಾದರೆ ಎಲ್ಲಿಂದ ಆರಂಭ? ಐದು ನಿಮಿಷದಿಂದ. ಹೊರಗೆ ಹೋಗಲು ಹಿಂಜರಿಕೆಯಿದ್ದರೆ ಅಂಗಳ, ತಾರಸಿ, ಪಡಸಾಲೆ ಸಾಕು. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸರಿ. ಮೊದಲ ವಾರ ಅಷ್ಟೂ ಆಗದಿದ್ದರೆ ಚಿಂತೆಯಿಲ್ಲ. ಗಟ್ಟಿಯಾದ ಕುರ್ಚಿಯಿಂದ ಕೈಯೂರದೆ ಐದು ಸಲ ಎದ್ದು ಕೂರುವುದು ತೊಡೆಗೆ ಒಳ್ಳೆಯ ವ್ಯಾಯಾಮ. ಬಟ್ಟೆ ಮಡಚುವುದು, ಸೊಪ್ಪು ಬಿಡಿಸುವುದು ಸಣ್ಣ ಕೆಲಸಗಳೇ ಆದರೂ ಅವನ್ನು ರೋಗಿಯಿಂದ ಕಸಿಯಬೇಡಿ. ಕೀಮೋ ಕೊಟ್ಟ ನಂತರದ ಕೆಲವು ದಿನ ಸುಸ್ತು ಹೆಚ್ಚು. ಆಗ ಕಡಿಮೆ ಮಾಡಿ, ಚೇತರಿಸಿದಾಗ ಹೆಚ್ಚಿಸಿ. ಸ್ತನದ ಶಸ್ತ್ರಚಿಕಿತ್ಸೆಯಾದ ಸಹೋದರಿಯರು ಬಾವು ಬಂದೀತೆಂದು ಆ ಕೈಯನ್ನು ಎತ್ತುವುದೇ ಇಲ್ಲ. ಹಾಗೆ ಬಿಟ್ಟರೆ ಭುಜ ಬಿಗಿದುಕೊಳ್ಳುತ್ತದೆ. ಫಿಸಿಯೋಥೆರಪಿಸ್ಟ್ ತೋರಿಸಿದಂತೆ ನಿಧಾನವಾಗಿ ಆಡಿಸಬೇಕು.

ಎಚ್ಚರಿಕೆಯೂ ಅಷ್ಟೇ ಮುಖ್ಯ. ಜ್ವರ, ಎದೆನೋವು, ತಲೆಸುತ್ತು, ಹೊಸ ನೋವು ಕಂಡರೆ ವ್ಯಾಯಾಮ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಕೀಮೋ ನಡೆಯುವಾಗ ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಪ್ಲೇಟ್‌ಲೆಟ್ ಬಹಳ ಇಳಿದಿದ್ದರೆ ಬಿದ್ದು ಪೆಟ್ಟಾಗುವ ಯಾವುದೂ ಬೇಡ. ಪಾದ ಮರಗಟ್ಟುವವರು ಒಬ್ಬರೇ ಮೆಟ್ಟಿಲು ಹತ್ತಬಾರದು. ವುಝೂ ಮಾಡುವ ಒದ್ದೆ ನೆಲವೂ ಅವರಿಗೆ ಅಪಾಯವೇ.

ನಮಾಝ್ ಆರಾಧನೆ, ಅದನ್ನು ವ್ಯಾಯಾಮವೆಂದು ಕರೆಯುವುದು ನನಗೆ ಹಿಡಿಸದು. ಆದರೂ ದಿನಕ್ಕೆ ಐದು ಸಲ ಏಳಲು, ನಿಲ್ಲಲು, ಬಾಗಲು ಅದು ಕಾರಣವಾಗುತ್ತದೆ. ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿರುವವರು ಮಾತ್ರ ರುಕೂ, ಸುಜೂದ್‌ಗಳ ಬಗ್ಗೆ ವೈದ್ಯರನ್ನು ಮೊದಲೇ ಕೇಳಬೇಕು. ನಿಲ್ಲಲಾಗದವರು ಕುಳಿತು, ಕೂರಲಾಗದವರು ಮಲಗಿ ನಿರ್ವಹಿಸಲು ಅವಕಾಶವಿದೆಯೆಂದು ನಮಗೆಲ್ಲ ಗೊತ್ತು. ಆದರೆ ಹಿರಿಯರು ಕುರ್ಚಿಯಲ್ಲಿ ಕೂರಲು ನಾಚುತ್ತಾರೆ. ಬಿಳಿ ರಕ್ತಕಣ ಇಳಿದಿರುವ ದಿನಗಳಲ್ಲಿ ಜನಸಂದಣಿಯಿಂದ ಸೋಂಕು ತಗಲಬಹುದು; ರೋಗಿಗೆ ಜುಮಾದಿಂದ ವಿನಾಯಿತಿಯಿದೆ. ಇದನ್ನು ಮನೆಯ ಮಕ್ಕಳು ಹೇಳಿದರೆ ಒಪ್ಪದವರು ಖತೀಬರು ಹೇಳಿದರೆ ಒಪ್ಪುತ್ತಾರೆ.

ಮುಂದಿನ ಸಲ ರೋಗಿಯ ಸಂದರ್ಶನಕ್ಕೆ ಹೋದಾಗ ಹಣ್ಣಿನ ಚೀಲ ಕೆಳಗಿಟ್ಟು, ನೆಗಡಿ, ಕೆಮ್ಮು ನಿಮಗಿಲ್ಲದಿದ್ದರೆ, "ಗೇಟಿನವರೆಗೆ ಬರ್ತೀರಾ?" ಎಂದು ಕೇಳಿ ನೋಡಿ. ಅವರ ಹೆಜ್ಜೆಗೆ ಸರಿಯಾಗಿ ನಡೆಯಿರಿ. ಹಿಂತಿರುಗುವಾಗ ಕೂರಲು ದಾರಿಯಲ್ಲಿ ಒಂದು ಕುರ್ಚಿ ಹಾಕಿಸಿರಿ.