ಕೆರೆ ಬದಿಯ ನಳ್ಳಿ ಬೇಟೆ: ಹೊಸಬರು ತಿಳಿಯಬೇಕಾದದ್ದು

ಏಡಿ ಎಂದೊಡನೆ ನಗರವಾಸಿಗಳಿಗೆ ನೆನಪಾಗುವುದು ಮಂಗಳೂರು, ಕಾರವಾರದ ಕಡಲು. ಆದರೆ ಸಮುದ್ರದಿಂದ ಬಲು ದೂರದ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲೂ ಏಡಿಗಳುಂಟು. ಕೆರೆಯಂಗಳ, ಕಾಲುವೆ ದಂಡೆ, ಗದ್ದೆಯ ಬದುಗಳಲ್ಲಿ ಬಿಲ ತೋಡಿ ಬದುಕುವ ಈ ಸಿಹಿನೀರಿನ ಏಡಿಗೆ ಹಳೆ ಮೈಸೂರು ಭಾಗದಲ್ಲಿ ನಳ್ಳಿ ಎಂದು ಹೆಸರು. ಬದು ತೂತಾಗಿ ನೀರು ಸೋರುತ್ತದೆಂದು ರೈತರು ಇದನ್ನು ಶಪಿಸುವುದುಂಟು. ಸಾರಿನ ವಿಷಯ ಬಂದಾಗ ಆ ಸಿಟ್ಟು ಉಳಿಯುವುದಿಲ್ಲ!

ಬೇಸಿಗೆಯಲ್ಲಿ ಬಿಲದಾಳದ ತೇವದಲ್ಲಿ ಅಡಗುವ ನಳ್ಳಿ, ಮಳೆ ಬಿದ್ದು ನೀರು ನಿಂತಾಗ ಹೊರಬರುತ್ತದೆ. ಹಿಡಿಯಲು ದುಬಾರಿ ಸಲಕರಣೆ ಬೇಡ. ಮೊಳದುದ್ದದ ಕೋಲು, ಗಟ್ಟಿ ದಾರ, ತುದಿಗೆ ಕಟ್ಟಲು ಎರೆಹುಳು ಅಥವಾ ಕೋಳಿಯ ಚರ್ಮದ ತುಣುಕು ಸಾಕು. ಗಾಳವೂ ಅನಗತ್ಯ. ಬಿಲದ ಬಾಯಿಗೆ ಎರೆಯನ್ನು ಇಳಿಬಿಟ್ಟು ಕಾಯಬೇಕು. ನಳ್ಳಿ ಕೊಂಬಿನಿಂದ ಹಿಡಿದುಕೊಂಡಾಗ ದಾರ ಬಿಗಿಯುತ್ತದೆ. ಹೊಸಬರು ಸೋಲುವುದು ಇಲ್ಲಿಯೇ: ಸರ್ರನೆ ಎಳೆದರೆ ಅದು ಬಿಟ್ಟುಬಿಡುತ್ತದೆ. ಮೆಲ್ಲಗೆ ಹೊರತಂದು, ಬೆನ್ನಿನ ಚಿಪ್ಪನ್ನು ಹಿಂದಿನಿಂದ ಹೆಬ್ಬೆರಳು, ತೋರುಬೆರಳಿನಲ್ಲಿ ಹಿಡಿದರೆ ಕೊಂಬು ಕೈಗೆ ತಾಗದು. ಬಿಲಕ್ಕೆ ಕೈ ಹಾಕುವ ಸಾಹಸವಂತೂ ಬೇಡವೇ ಬೇಡ. ಒಳಗೆ ಹಾವು ಇರಬಹುದು.

ಹಿಡಿದದ್ದನ್ನು ಮಗುಚಿ ನೋಡಿ. ಹೊಟ್ಟೆಯಡಿಯ ಮಡಿಕೆ ಕಿರಿದಾಗಿದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು. ಕಡಲ ಏಡಿಯಂತೆ ಇದು ಲಕ್ಷಾಂತರ ಮೊಟ್ಟೆಯಿಡುವುದಿಲ್ಲ. ಇಡುವ ಕೆಲವೇ ಮೊಟ್ಟೆಗಳನ್ನೂ, ಅವು ಒಡೆದು ಹೊರಬರುವ ಮರಿಗಳನ್ನೂ ತಾಯಿ ಆ ಮಡಿಕೆಯಲ್ಲೇ ಹೊತ್ತು ತಿರುಗುತ್ತದೆ. ಅಂಥದನ್ನು ನೀರಿಗೆ ಬಿಡುವುದೇ ಸರಿ.

ಎಲ್ಲಿ ಹಿಡಿಯಬೇಕೆಂಬುದು ಇನ್ನೂ ಮುಖ್ಯ. ಬಂಡೀಪುರ ಮತ್ತು ಬಿಳಿಗಿರಿರಂಗನಬೆಟ್ಟದ ಹುಲಿ ಸಂರಕ್ಷಿತ ಪ್ರದೇಶಗಳ ಹಳ್ಳ-ಕೆರೆಗಳಿಗೆ ಅನುಮತಿಯಿಲ್ಲದೆ ಇಳಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಾಡಂಚಿನ ಕೆರೆಗಳಿಗೆ ಮುಸ್ಸಂಜೆಯಲ್ಲಿ ಆನೆಗಳು ಬರುತ್ತವೆ. ನಳ್ಳಿ ಹೆಚ್ಚು ಓಡಾಡುವುದೂ ಅದೇ ಹೊತ್ತಿನಲ್ಲಿ. ಆದ್ದರಿಂದ ಊರೊಳಗಿನ ಪರಿಚಿತರ ಗದ್ದೆಯೇ ಲೇಸು. ಇತ್ತೀಚೆಗೆ ಕೀಟನಾಶಕ ಸಿಂಪಡಿಸಿಲ್ಲವೆಂದು ಮಾಲೀಕರನ್ನು ಕೇಳಿಕೊಳ್ಳಿ. ಮೀನುಗಾರಿಕೆಯ ಗುತ್ತಿಗೆ ನೀಡಿರುವ ಕೆರೆಯಾದರೆ ಗುತ್ತಿಗೆದಾರರ ಒಪ್ಪಿಗೆಯೂ ಬೇಕು.

ಮನೆಗೆ ಒಯ್ಯುವಾಗ ಬಕೆಟ್ಟಿನಲ್ಲಿ ಒದ್ದೆ ಹುಲ್ಲು ಹಾಸಿದರೆ ಸಾಕು, ನೀರು ತುಂಬಬೇಕಿಲ್ಲ. ಸತ್ತ ನಳ್ಳಿಯನ್ನು ಬಳಸಬಾರದು. ಕಾಲುಗಳನ್ನು ಒರಳಲ್ಲಿ ಜಜ್ಜಿ, ರಸ ಸೋಸಿ ಸಾರಿಗೆ ಹಾಕುವವರು ಅದನ್ನು ಚೆನ್ನಾಗಿ ಕುದಿಸಲೇಬೇಕು. ಸಿಹಿನೀರಿನ ಏಡಿಗಳಲ್ಲಿ ಪ್ಯಾರಗೋನಿಮಸ್ ಎಂಬ ಶ್ವಾಸಕೋಶದ ಹುಳುವಿನ ಮರಿಗಳು ಇರಬಹುದು. ಹಸಿಯಾಗಿ ಅಥವಾ ಅರೆಬೆಂದದ್ದನ್ನು ತಿಂದವರಿಗೆ ಕೆಮ್ಮಿನೊಡನೆ ರಕ್ತ ಬರುವುದುಂಟು. ಎಷ್ಟೋ ಸಲ ವೈದ್ಯರೂ ಅದನ್ನು ಕ್ಷಯವೆಂದೇ ಭಾವಿಸುತ್ತಾರೆ. ಜಜ್ಜಿದ ಒರಳು, ಸೋಸಿದ ಬಟ್ಟೆಯನ್ನು ಬಿಸಿನೀರಿನಲ್ಲಿ ತೊಳೆದ ಮೇಲೆಯೇ ಬೇರೆ ಅಡುಗೆಗೆ ಬಳಸಿ.