ಆಲ್ಟರ್ನೇಟರ್ ಕೈಕೊಟ್ಟರೆ ಪೈಲಟ್ ಏನು ಮಾಡುತ್ತಾರೆ?

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಜಕ್ಕೂರು ದಾಟುವಾಗ ಪುಟ್ಟ ವಿಮಾನವೊಂದು ತಲೆಯ ಮೇಲೆ ಹಾದುಹೋದದ್ದನ್ನು ನೀವು ನೋಡಿರಬಹುದು. ಅಂಥ ವಿಮಾನದಲ್ಲಿ ನಡು ಆಕಾಶದಲ್ಲಿ ಕರೆಂಟ್ ಹೋದರೆ? ಬಿದ್ದೇಬಿಡುತ್ತದೆ ಎಂದುಕೊಂಡಿದ್ದರೆ, ಇಲ್ಲ. ಎಂಜಿನ್ ಓಡುತ್ತಲೇ ಇರುತ್ತದೆ.

ತರಬೇತಿ ಶಾಲೆಗಳಲ್ಲಿ ಹೆಚ್ಚಾಗಿ ಕಾಣುವ ಸೆಸ್ನಾ 172 ವಿಮಾನವನ್ನೇ ತೆಗೆದುಕೊಳ್ಳಿ. ಇದರ ಎಂಜಿನ್‌ಗೆ ಕಿಡಿ ಕೊಡುವುದು ಬ್ಯಾಟರಿಯಲ್ಲ, ಮ್ಯಾಗ್ನೆಟೊ. ಎಂಜಿನ್ ತಿರುಗಿದಷ್ಟು ಹೊತ್ತೂ ಅದು ತಾನೇ ಕಿಡಿ ಹುಟ್ಟಿಸುತ್ತದೆ. ಹಳೇ ಲೂನಾ ಬ್ಯಾಟರಿಯಿಲ್ಲದೆ ಓಡುತ್ತಿದ್ದುದೂ ಹೀಗೆಯೇ. ವೇಗ ಮತ್ತು ಎತ್ತರ ತೋರಿಸುವ ಗುಂಡು ಡಯಲ್‌ಗಳು ಗಾಳಿಯ ಒತ್ತಡದಿಂದ ನಡೆಯುತ್ತವೆ, ಅವಕ್ಕೂ ಕರೆಂಟ್ ಬೇಡ.

ಹಾಗಾದರೆ ಕರೆಂಟ್ ಬೇಕಾಗುವುದು ಯಾವುದಕ್ಕೆ? ರೇಡಿಯೊಗೆ, ದೀಪಗಳಿಗೆ, ರೇಡಾರ್‌ಗೆ ವಿಮಾನದ ಗುರುತು ಹೇಳುವ ಟ್ರಾನ್ಸ್‌ಪಾಂಡರ್‌ಗೆ, ಇಳಿಯುವಾಗ ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗುವ ಫ್ಲ್ಯಾಪ್‌ಗೆ, ಪೆಟ್ರೋಲ್ ಮುಳ್ಳಿಗೆ. ಎಂಜಿನ್ ಜೊತೆ ತಿರುಗುವ ಆಲ್ಟರ್ನೇಟರ್ ಇವಕ್ಕೆಲ್ಲ 28 ವೋಲ್ಟ್ ಉಣಿಸುತ್ತದೆ, ಜೊತೆಗೆ 24 ವೋಲ್ಟಿನ ಬ್ಯಾಟರಿಯನ್ನೂ ಚಾರ್ಜ್ ಮಾಡುತ್ತದೆ. ಅದು ನಿಂತಾಗ 'ಲೋ ವೋಲ್ಟ್ಸ್' ದೀಪ ಹೊತ್ತಿಕೊಳ್ಳುತ್ತದೆ, ಆಂಪಿಯರ್ ಮುಳ್ಳು ಮೈನಸ್ ಕಡೆ ವಾಲುತ್ತದೆ.

ಮೊದಲ ಕೆಲಸ, ವಿಮಾನವನ್ನು ನೆಟ್ಟಗೆ ಹಾರಿಸುತ್ತಿರುವುದು. ದೀಪ ನೋಡುತ್ತ ಕೂತು ಎತ್ತರ ಕಳೆದುಕೊಂಡವರಿದ್ದಾರೆ. ಆಮೇಲೆ ಕೈ ಕೆಂಪು ಮಾಸ್ಟರ್ ಸ್ವಿಚ್ಚಿನ ಕಡೆ ಹೋಗುತ್ತದೆ. ಅದು ಎರಡು ಹೋಳಿನ ಸ್ವಿಚ್ಚು, ಎಡಕ್ಕೆ ಆಲ್ಟರ್ನೇಟರ್, ಬಲಕ್ಕೆ ಬ್ಯಾಟರಿ. ಗುಂಡು ಡಯಲ್‌ಗಳ ಮಾದರಿಯಲ್ಲಿ ಮೊದಲು ರೇಡಿಯೊಗಳನ್ನು ಆರಿಸಬೇಕು. ಆಲ್ಟರ್ನೇಟರಿನ ಸರ್ಕಿಟ್ ಬ್ರೇಕರ್, ಅಂದರೆ ಮನೆಯ ಫ್ಯೂಸಿನ ಕೆಲಸ ಮಾಡುವ ಗುಂಡಿ, ಹೊರಗೆ ಜಿಗಿದಿದೆಯೇ ನೋಡಬೇಕು. ನಂತರ ಮಾಸ್ಟರ್‌ನ ಎರಡೂ ಹೋಳನ್ನು ಆರಿಸಿ ಮತ್ತೆ ಹಾಕಬೇಕು. ವೋಲ್ಟೇಜ್ ಒಮ್ಮೆ ಜಿಗಿದು ರಕ್ಷಣಾ ಸರ್ಕಿಟ್ಟು ಆಲ್ಟರ್ನೇಟರನ್ನು ಕಳಚಿದ್ದರೆ ಇಷ್ಟಕ್ಕೇ ಅದು ಮರಳುತ್ತದೆ. ಜಿಗಿದ ಗುಂಡಿಯನ್ನು ಪದೇ ಪದೇ ಒತ್ತಬಹುದೇ ಎಂದು ಕೇಳಬೇಡಿ. ಒಂದು ಸಲ, ಅಷ್ಟೇ. ಮತ್ತೆ ಜಿಗಿದರೆ ತಂತಿ ಎಲ್ಲೋ ಕಾಯುತ್ತಿದೆ ಎಂದರ್ಥ. ಹೊಗೆಯ ವಾಸನೆ ಬಂದರಂತೂ ಈ ಯಾವ ಲೆಕ್ಕವೂ ಇಲ್ಲ, ಮಾಸ್ಟರ್ ಆಫ್.

ದೀಪ ಮತ್ತೆ ಬಂತೆಂದರೆ ಇನ್ನು ಬ್ಯಾಟರಿಯೇ ಗತಿ. ಆಲ್ಟರ್ನೇಟರ್ ಹೋಳನ್ನು ಆರಿಸಿ ಲೋಡ್ ಶೆಡ್ಡಿಂಗ್ ಶುರು ಮಾಡಬೇಕು. ಪೈಲಟ್‌ಗಳೂ ಇದನ್ನು ಹಾಗೇ ಕರೆಯುತ್ತಾರೆ, ನಮಗೆ ಹೊಸ ಪದವೇನಲ್ಲ! ಯುಪಿಎಸ್ ಮೇಲೆ ಮನೆ ನಡೆಯುವಾಗ ಫ್ರಿಜ್ ಆರಿಸಿ ಒಂದು ಫ್ಯಾನ್ ಉಳಿಸಿಕೊಂಡಂತೆ, ಇಲ್ಲಿ ಲ್ಯಾಂಡಿಂಗ್ ಲೈಟ್ ಆರಿಸಿ ಒಂದು ರೇಡಿಯೊ ಉಳಿಸಿಕೊಳ್ಳುವುದು. ಅದರಲ್ಲೂ ಕೇಳುವುದಕ್ಕಿಂತ ಮಾತಾಡಿದರೆ ಬ್ಯಾಟರಿ ಬೇಗ ಇಳಿಯುತ್ತದೆ. ಹಾಗಾಗಿ ತೊಂದರೆಯನ್ನೂ ಇಳಿಯುವ ಜಾಗವನ್ನೂ ಚುಟುಕಾಗಿ ಹೇಳಿ ಮುಗಿಸಬೇಕು.

ಕಷ್ಟದ ಪ್ರಶ್ನೆ ಬರುವುದು ಈಗ. ತಲುಪಬೇಕಿದ್ದ ಊರಿಗೇ ಹೋಗುವುದೋ, ಹತ್ತಿರದಲ್ಲೇ ಇಳಿಯುವುದೋ? 1983ರ ಅಕ್ಟೋಬರ್ 11ರ ರಾತ್ರಿ ಅಮೆರಿಕದ ಏರ್ ಇಲಿನಾಯ್ ಸಂಸ್ಥೆಯ ಎಚ್‌ಎಸ್ 748 ವಿಮಾನ ಸ್ಪ್ರಿಂಗ್‌ಫೀಲ್ಡ್‌ನಿಂದ ಕಾರ್ಬನ್‌ಡೇಲ್‌ಗೆ ಹೊರಟಿತ್ತು. ನಮ್ಮ ವಾಯುಪಡೆಯಲ್ಲಿ 'ಆವ್ರೊ' ಎನ್ನುವ ವಿಮಾನವೂ ಇದೇ ಜಾತಿಯದು, ಸೆಸ್ನಾಗಿಂತ ಎಷ್ಟೋ ದೊಡ್ಡದು. ಮೇಲೇರಿದ ಸ್ವಲ್ಪ ಹೊತ್ತಿನಲ್ಲೇ ಎಡಗಡೆಯ ಜನರೇಟರ್ ಕೆಟ್ಟಿತು. ಸಹಪೈಲಟ್ ತಪ್ಪಿ ಸರಿಯಿದ್ದ ಬಲಗಡೆಯದನ್ನು ಕಳಚಿರಬೇಕು ಎಂದು ತನಿಖೆ ಹೇಳಿತು. ಸ್ಪ್ರಿಂಗ್‌ಫೀಲ್ಡ್ ಇನ್ನೂ ಬೆನ್ನ ಹಿಂದೆಯೇ ಇತ್ತು. ಕ್ಯಾಪ್ಟನ್ ಹಿಂತಿರುಗಲಿಲ್ಲ. ಸುಮಾರು ಅರ್ಧ ಗಂಟೆಯಲ್ಲಿ ಬ್ಯಾಟರಿ ಬರಿದಾಯಿತು, ಕತ್ತಲಲ್ಲಿ ವಿಮಾನ ನೆಲಕ್ಕೆ ಬಿತ್ತು, ಒಳಗಿದ್ದ 10 ಜನರೂ ಸತ್ತರು. ಅಮೆರಿಕದ ತನಿಖಾ ಮಂಡಳಿ ಕಾರಣವೆಂದು ಹೆಸರಿಸಿದ್ದು ಕೆಟ್ಟ ಜನರೇಟರನ್ನಲ್ಲ, ಮುಂದಕ್ಕೇ ಹೋಗುವ ಕ್ಯಾಪ್ಟನ್ನರ ತೀರ್ಮಾನವನ್ನು.

ಹತ್ತಿರ ಇಳಿದರೆ ಆಗುವ ಖರ್ಚಾದರೂ ಏನು? ಮೆಕ್ಯಾನಿಕ್‌ಗಾಗಿ ಕಾಯುವುದು, ಊರಲ್ಲದ ಊರಲ್ಲಿ ಒಂದು ರಾತ್ರಿ ಲಾಡ್ಜ್ ಬಾಡಿಗೆ. ಹಗಲು, ತಿಳಿ ಆಕಾಶ, ಪಕ್ಕದಲ್ಲೇ ರನ್‌ವೇ ಇದ್ದರೆ ಇದು ಬರೀ ಕಿರಿಕಿರಿ. ಮೋಡದೊಳಗೆ ಅಥವಾ ರಾತ್ರಿಯಲ್ಲಾದರೆ ಒಂದೊಂದು ನಿಮಿಷಕ್ಕೂ ಬೆಲೆ.

ರೇಡಿಯೊ ಸತ್ತೇಹೋದರೆ? ಬ್ಯಾಟರಿ ಇರುವಾಗಲೇ ಟ್ರಾನ್ಸ್‌ಪಾಂಡರಿನಲ್ಲಿ 7600 ಹಾಕಬೇಕು, 'ರೇಡಿಯೊ ಕೆಟ್ಟಿದೆ' ಎನ್ನುವ ಅಂಕಿ ಅದು. ವಿಮಾನ ಹತ್ತಿರ ಬಂದಾಗ ಟವರ್‌ನಿಂದ ದೀಪ ತೋರಿಸುತ್ತಾರೆ. ಹಸಿರು ಬಿಡದೆ ಉರಿದರೆ ಇಳಿಯಬಹುದು, ಕೆಂಪು ಬಿಡದೆ ಉರಿದರೆ ಸುತ್ತುತ್ತಿರಬೇಕು. ಫ್ಲ್ಯಾಪ್ ಇಳಿಯದಿದ್ದರೆ ಸ್ವಲ್ಪ ಹೆಚ್ಚು ವೇಗ, ಹೆಚ್ಚು ಉದ್ದದ ರನ್‌ವೇ ಬೇಕು. ಪೆಟ್ರೋಲ್ ಮುಳ್ಳು ಸೊನ್ನೆಗೆ ಬಿದ್ದರೆ ಹೆದರಬೇಡಿ, ಟ್ಯಾಂಕ್ ಬರಿದಾಗಿಲ್ಲ, ಮುಳ್ಳಿಗೆ ಕರೆಂಟ್ ಇಲ್ಲ.

ಇದನ್ನೆಲ್ಲ ಕಲಿಯಲು ದೂರ ಹೋಗಬೇಕಿಲ್ಲ. ವಿಮಾನದಲ್ಲೇ ಇರುವ ಕೈಪಿಡಿಯ 3ನೇ ವಿಭಾಗ ತುರ್ತು ಕ್ರಮಗಳದ್ದು. ಮಾದರಿಯಿಂದ ಮಾದರಿಗೆ ಹೆಜ್ಜೆಗಳು ಬೇರೆಯಾಗುವುದರಿಂದ ನೀವು ಹಾರಿಸುವ ವಿಮಾನದ್ದನ್ನೇ ಓದಿ. ನಿಂತ ವಿಮಾನದಲ್ಲಿ ಕೂತು, ಶಿಕ್ಷಕರನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಸ್ವಿಚ್ಚನ್ನೂ ಮುಟ್ಟಿ ನೋಡಿ. ರಾತ್ರಿ ಹಾರುವವರು ಜೇಬಲ್ಲೊಂದು ಟಾರ್ಚ್ ಇಟ್ಟುಕೊಳ್ಳಿ. ವೇಗದ ಮುಳ್ಳು ಕರೆಂಟಿಲ್ಲದೆಯೂ ಕೆಲಸ ಮಾಡುತ್ತದೆ, ನಿಜ. ಅದು ಕಣ್ಣಿಗೆ ಕಾಣಬೇಕಲ್ಲ.