ಆಗಸ್ಟಿನಲ್ಲಿ ಬರುವ ಮಕ್ಕಳು

ನಮ್ಮ ರಾಜ್ಯದಲ್ಲಿ ಶಾಲೆಗಳು ಮೇ ಕೊನೆಯಲ್ಲಿ ಬಾಗಿಲು ತೆರೆಯುತ್ತವೆ. ಜೂನ್ ತಿಂಗಳಿಡೀ ಕರಾವಳಿಯ ಧರ್ಮಕೇಂದ್ರಗಳಲ್ಲಿ, ಯುವಕ ಮಂಡಲಗಳಲ್ಲಿ, ಸೇವಾ ಸಂಸ್ಥೆಗಳಲ್ಲಿ ಪುಸ್ತಕ, ಕೊಡೆ, ಚೀಲ ವಿತರಣೆಯ ಕಾರ್ಯಕ್ರಮಗಳು ನಡೆಯುತ್ತವೆ. ಒಳ್ಳೆಯ ಕೆಲಸ, ನಡೆಯಲಿ. ಆದರೆ ಈ ಸಹಾಯ ಯಾರಿಗೆ ಹೆಚ್ಚು ಬೇಕೋ ಆ ಮಕ್ಕಳಲ್ಲಿ ಒಂದು ದೊಡ್ಡ ಗುಂಪು ಆ ತಿಂಗಳು ಇಲ್ಲಿ ಇರುವುದೇ ಇಲ್ಲ.

ಕಾರಣ ಎಲ್ಲರಿಗೂ ಗೊತ್ತಿರುವುದೇ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ನಮ್ಮ ಕಡಲಿನಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಮಲ್ಪೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ ಬೋಟುಗಳು ಸಾಲಾಗಿ ನಿಲ್ಲುತ್ತವೆ. ಬೋಟು ನಿಂತರೆ ಮೀನು ಹೊರುವವರಿಗೆ, ಐಸ್ ಒಡೆಯುವವರಿಗೆ, ಮೀನು ವಿಂಗಡಿಸುವ ಹೆಂಗಸರಿಗೆ ಕೆಲಸವಿಲ್ಲ. ಮಳೆ ಜೋರಾದರೆ ಅಡಿಪಾಯ ತೋಡುವುದು, ಗಾರೆ ಕೆಲಸ, ಕೆಂಪು ಕಲ್ಲಿನ ಕೋರೆ ಎಲ್ಲವೂ ನಿಧಾನವಾಗುತ್ತದೆ. ಅದೇ ಹೊತ್ತಿಗೆ ಕೊಪ್ಪಳ, ಬಾಗಲಕೋಟೆ, ಗದಗ, ರಾಯಚೂರು, ವಿಜಯಪುರದ ಕಡೆ ಮುಂಗಾರು ಬಿತ್ತನೆ ಶುರು. ಎರಡೆಕರೆ ಹೊಲ ಇದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಬೇರೆಯವರ ಹೊಲದ ಕೂಲಿಗೆ ಊರಿಗೆ ಹೊರಡುತ್ತಾರೆ. ಮಕ್ಕಳೂ ಜತೆಗೆ. ಮತ್ತೆ ಮಂಗಳೂರಿನ ಬಸ್ಸು ಹತ್ತುವುದು ಆಗಸ್ಟಿಗೆ, ಕೆಲವರು ಪಂಚಮಿ ಹಬ್ಬ ಮುಗಿಸಿಕೊಂಡು. ಅಷ್ಟರಲ್ಲಿ ಶಾಲೆಯಲ್ಲಿ ಎರಡು ತಿಂಗಳ ಪಾಠ ಮುಗಿದಿರುತ್ತದೆ, ದಾಖಲಾತಿಯ ಗಡಿಬಿಡಿ ಮುಗಿದಿರುತ್ತದೆ, ನಮ್ಮ ಕೊಡೆಗಳೂ ಮುಗಿದಿರುತ್ತವೆ.

ಇವರನ್ನು ನಾವು ಇವತ್ತಿಗೂ ‘ಘಟ್ಟದವರು’ ಎಂದೇ ಕರೆಯುತ್ತೇವೆ. ಇಲ್ಲೇ ಹುಟ್ಟಿ, ಇಲ್ಲೇ ತುಳು ಕಲಿತು, ಗೆಳೆಯರ ಜತೆ ಲಗೋರಿ ಆಡುವ ಮಗುವಿಗೂ ಅದೇ ಹೆಸರು.

ಹಾಗಾದರೆ ಆಗಸ್ಟಿನಲ್ಲಿ ಬಂದ ಮಗುವಿಗೆ ಶಾಲೆಯಲ್ಲಿ ಜಾಗವಿಲ್ಲವೇ? ಖಂಡಿತ ಇದೆ, ಮತ್ತು ಅದು ಯಾರ ಔದಾರ್ಯವೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಅದು ಕೊಟ್ಟಿರುವ ರಕ್ಷಣೆಗಳಲ್ಲಿ ವಲಸೆ ಕುಟುಂಬಗಳಿಗೆ ಮುಖ್ಯವಾದ ಕೆಲವನ್ನು ನಮ್ಮ ಕಾರ್ಯಕರ್ತರು ಬಾಯಿಪಾಠ ಮಾಡಿಟ್ಟುಕೊಂಡರೂ ತಪ್ಪಲ್ಲ. ಐದನೇ ಸೆಕ್ಷನ್ ಪ್ರಕಾರ ಟಿ.ಸಿ. ಬರುವುದು ತಡವಾಯಿತೆಂದು ದಾಖಲಾತಿಯನ್ನು ತಡಮಾಡುವಂತಿಲ್ಲ, ನಿರಾಕರಿಸುವಂತಿಲ್ಲ. ಹಳೆಯ ಶಾಲೆಯ ಮುಖ್ಯೋಪಾಧ್ಯಾಯರು ಟಿ.ಸಿ.ಯನ್ನು ಕೂಡಲೇ ಕೊಡಬೇಕು, ಸತಾಯಿಸಿದರೆ ಶಿಸ್ತುಕ್ರಮಕ್ಕೆ ಒಳಗಾಗಬೇಕಾಗುತ್ತದೆ. ಹದಿನಾಲ್ಕನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ಹದಿನೈದನೆಯದು ನಮ್ಮ ಆಗಸ್ಟಿನ ಮಕ್ಕಳಿಗಾಗಿಯೇ ಬರೆದಂತಿದೆ: ದಾಖಲಾತಿಯ ಅವಧಿ, ವಿಸ್ತರಿಸಿದ ಅವಧಿ ಎರಡೂ ಮುಗಿದ ಮೇಲೆ ಬಂದರೂ ಸೇರಿಸಿಕೊಳ್ಳಬೇಕು. ನಾಲ್ಕನೆಯದು ಹೇಳುವುದು, ಮಗುವನ್ನು ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸಿ, ಹಿಂದೆ ಬಿದ್ದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು ಎಂದು. ವಲಸೆ ಕುಟುಂಬದ ಮಕ್ಕಳ ದಾಖಲಾತಿ ಸ್ಥಳೀಯ ಪ್ರಾಧಿಕಾರದ ಕರ್ತವ್ಯ ಎಂದು ಒಂಬತ್ತನೇ ಸೆಕ್ಷನ್ ಬಿಡಿಸಿಯೇ ಹೇಳಿದೆ.

ಇಷ್ಟೆಲ್ಲ ಇದ್ದೂ ಮಗು ಶೆಡ್ಡಿನಲ್ಲಿ ಉಳಿಯುವುದು ಏಕೆ? ಶಾಲೆಯ ಕಚೇರಿ ತೆರೆಯುವ ಹೊತ್ತಿಗೆ ತಾಯಿ ಕೆಲಸದ ಜಾಗದಲ್ಲಿರುತ್ತಾಳೆ. ದಾಖಲಾತಿಗೆ ಬರಬೇಕಾದರೆ ಒಂದು ದಿನದ ಕೂಲಿ ಬಿಡಬೇಕು. ಬಂದಾಗ ‘ಆಧಾರ್ ತನ್ನಿ’ ಎನ್ನುತ್ತಾರೆ, ಅದು ಊರಿನಲ್ಲಿ ಅಜ್ಜಿಯ ಪೆಟ್ಟಿಗೆಯಲ್ಲಿದೆ. ಇನ್ನೊಂದು ದಿನದ ಕೂಲಿ ಬಿಟ್ಟು ಮತ್ತೆ ಬಂದಾಗ ಮುಖ್ಯೋಪಾಧ್ಯಾಯರು ಮೀಟಿಂಗಿಗೆ ಹೋಗಿರುತ್ತಾರೆ. ಮೂರನೆಯ ಸಲ ಆಕೆ ಬರುವುದಿಲ್ಲ. ಇದರಲ್ಲಿ ಶಾಲೆಯವರನ್ನೇ ದೂರಿ ಫಲವಿಲ್ಲ, ಒಬ್ಬಿಬ್ಬರು ಶಿಕ್ಷಕರು ಪಾಠ, ಅಕ್ಷರ ದಾಸೋಹ, ಕಂಪ್ಯೂಟರ್ ಮಾಹಿತಿ ಎಲ್ಲ ತೂಗಿಸಬೇಕಾದ ಶಾಲೆಗಳು ಎಷ್ಟೋ ಇವೆ.

ಇಲ್ಲಿ ಬೇಕಾಗಿರುವುದು ಹಣವಲ್ಲ, ಜತೆಗೆ ಹೋಗುವ ಒಬ್ಬ ಮನುಷ್ಯ. ನಿವೃತ್ತ ಶಿಕ್ಷಕಿಯೋ, ವಿನ್ಸೆಂಟ್ ಪಾವ್ಲ್ ಸಭೆಯ ಸದಸ್ಯರೋ, ವಾಳೆಯ ಗುರಿಕಾರರೋ ಆದೀತು. ಅವರು ಮಾಡಬೇಕಾದ್ದು ಇಷ್ಟೆ: ಮಗುವಿನ ಹಳೆಯ ಶಾಲೆಯ ಹೆಸರು ಕೇಳಿ, ಹಳೆಯ ಅಂಕಪಟ್ಟಿಯಿಂದ ಸ್ಯಾಟ್ಸ್ ಸಂಖ್ಯೆ ಹುಡುಕಿ, ಹೊಸ ಶಾಲೆಗೆ ಕೊಡುವುದು. ರಾಜ್ಯದ ಶಾಲಾ ಮಕ್ಕಳಿಗೆಲ್ಲ ಈ ಸಂಖ್ಯೆ ಇರುವುದರಿಂದ ಶಾಲೆಯಿಂದ ಶಾಲೆಗೆ ವರ್ಗಾವಣೆ ಆನ್‌ಲೈನಿನಲ್ಲೇ ಆಗುತ್ತದೆ. ಹಳೆಯ ಶಾಲೆಗೆ ಒಂದು ಫೋನು, ಹೊಸ ಶಾಲೆಯಲ್ಲಿ ಅರ್ಧ ಗಂಟೆ. ಎಲ್ಲಾದರೂ ತಡೆ ಬಂದರೆ ಮೊದಲು ಕ್ಲಸ್ಟರಿನ ಸಿಆರ್‌ಪಿ, ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ. ಮಾತು ವಿನಯದ್ದಾಗಿರಲಿ, ಕಾಯ್ದೆಯ ಸೆಕ್ಷನ್ ಜೇಬಿನಲ್ಲಿರಲಿ.

ಇನ್ನೊಂದು ಸಂಗತಿಯನ್ನು ನಾವು ಒಪ್ಪಿಕೊಳ್ಳಬೇಕು. ಊರಿನವರ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋದ ಮೇಲೆ ಹಲವು ಕನ್ನಡ ಶಾಲೆಗಳು ಬರಿದಾಗಿವೆ, ಚರ್ಚ್ ಆಡಳಿತದ ಅನುದಾನಿತ ಶಾಲೆಗಳೂ ಇದಕ್ಕೆ ಹೊರತಲ್ಲ. ಅಂಥ ಶಾಲೆಗಳಲ್ಲಿ ಹಾಜರಿ ಪುಸ್ತಕ ತುಂಬಿಸಿರುವುದು ಹಲವೆಡೆ ವಲಸೆ ಬಂದವರ ಮಕ್ಕಳೇ. ಉಪಕಾರ ಯಾರಿಂದ ಯಾರಿಗೆ ಎಂಬ ಲೆಕ್ಕ ಅಷ್ಟು ಸುಲಭವಲ್ಲ.

ಸೇರಿಸಿದ ಮೇಲೆ ಕಲಿಕೆ. ಒಂದರಿಂದ ಮೂರನೇ ತರಗತಿಯವರೆಗೆ ಸರ್ಕಾರಿ ಶಾಲೆಗಳಲ್ಲಿರುವ ನಲಿ-ಕಲಿ ಪದ್ಧತಿ ಈ ಮಕ್ಕಳಿಗೆ ಅನುಕೂಲಕರ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮಗು ಕಲಿಕಾ ಏಣಿಯ ಮೆಟ್ಟಿಲುಗಳನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಎರಡು ತಿಂಗಳು ಬಿಟ್ಟು ಬಂದರೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ತೊಂದರೆ ನಾಲ್ಕನೇ ತರಗತಿಯ ನಂತರದ್ದು. ಅಲ್ಲಿ ಪಾಠ ಎಲ್ಲರಿಗೂ ಒಂದೇ ಓಟ, ಭಾಗಾಕಾರ ಬಿಟ್ಟುಹೋದವನಿಗೆ ಭಿನ್ನರಾಶಿ ಅರ್ಥವಾಗುವುದಿಲ್ಲ. ಆದ್ದರಿಂದ ಸಂಜೆ ಪಾಠ ಮಾಡುವವರು ಮನೆಪಾಠದಂತೆ ಅಂದಿನ ಹೋಂವರ್ಕ್ ಮುಗಿಸಿಕೊಟ್ಟರೆ ಸಾಲದು. ಬಿಟ್ಟ ಮೆಟ್ಟಿಲು ಯಾವುದೆಂದು ಹುಡುಕಬೇಕು.

ಭಾಷೆಯ ಮಾತು ಬೇರೆ ಬೇರೆ ಮಕ್ಕಳಿಗೆ ಬೇರೆ ಬೇರೆ. ಬಾಗಲಕೋಟೆಯ ಮಗುವಿಗೆ ಕನ್ನಡ ತಾಯಿಭಾಷೆ, ನಮ್ಮ ತುಳು-ಕೊಂಕಣಿ ಮಕ್ಕಳಿಗಿಂತ ಅದರ ಕನ್ನಡ ಸರಾಗ, ಆದರೆ ಆಟದ ಮೈದಾನದಲ್ಲಿ ಅದಕ್ಕೆ ಮಾತು ಸಿಗುವುದಿಲ್ಲ. ತಾಂಡಾದಿಂದ ಬಂದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ. ಒಡಿಶಾ, ಜಾರ್ಖಂಡ್, ಅಸ್ಸಾಂ, ಬಂಗಾಳದ ಕಡೆಯಿಂದ ಬರುವವರಲ್ಲಿ ಒಂಟಿ ಯುವಕರೇ ಹೆಚ್ಚು, ಈಚೆಗೆ ಕುಟುಂಬಗಳೂ ಕಾಣುತ್ತಿವೆ. ಆ ಮಕ್ಕಳಿಗೆ ಶಾಲೆಯ ಮೊದಲ ತಿಂಗಳು ಬರೀ ಸದ್ದು. ಜಾರ್ಖಂಡ್, ಛತ್ತೀಸಗಢದ ಮುಂಡಾ, ಒರಾಂವ್, ಖಡಿಯಾ ಜನರಲ್ಲಿ ಕಥೋಲಿಕರೂ ಇದ್ದಾರೆ, ಅವರಿಗಾಗಿ ಹಿಂದಿ ಪೂಜೆ ಇಟ್ಟರೆ ಬರುತ್ತಾರೆ, ಪರಿಚಯವಾಗುತ್ತದೆ. ಆದರೆ ಸಂಜೆಯ ತರಗತಿಯ ಬಾಗಿಲಲ್ಲಿ ಯಾವ ಧರ್ಮ ಎಂಬ ಪ್ರಶ್ನೆ ಏಳಬಾರದು. ಶೆಡ್ಡಿನ ಸಾಲಿನಲ್ಲಿ ಹತ್ತು ಮನೆ ಇದ್ದರೆ ಹತ್ತೂ ಮನೆಯ ಮಕ್ಕಳು ಬರಬೇಕು.

ಈಗ ಎಲ್ಲಕ್ಕಿಂತ ಕಷ್ಟದ ವಿಷಯ. ಹತ್ತು-ಹನ್ನೊಂದು ವರ್ಷದ ಹುಡುಗಿ ಶಾಲೆಗೆ ಸೇರಿದ್ದಾಳೆ, ಹೆಸರು ಪುಸ್ತಕದಲ್ಲಿದೆ, ಆದರೆ ವಾರದಲ್ಲಿ ಮೂರು ದಿನ ಬರುವುದಿಲ್ಲ. ಕೇಳಿದರೆ ‘ತಮ್ಮನ್ನ ನೋಡ್ಕೋಬೇಕ್ರಿ’ ಎನ್ನುತ್ತಾಳೆ. ತಾಯಿ ಕಾಂಕ್ರೀಟು ಹೊರುವಾಗ ಒಂದೂವರೆ ವರ್ಷದ ಕೂಸನ್ನು ಕಬ್ಬಿಣದ ಸರಳುಗಳ ನಡುವೆ ಬಿಡುವಂತಿಲ್ಲ. ಅಂಗನವಾಡಿ ಮೂರು ವರ್ಷ ತುಂಬಿದ ಮಕ್ಕಳನ್ನು ಕೂರಿಸಿಕೊಳ್ಳುತ್ತದೆ, ಅದಕ್ಕಿಂತ ಚಿಕ್ಕವರಿಗೆ ಮನೆಗೆ ಪೌಷ್ಟಿಕ ಆಹಾರ ಕೊಡುತ್ತದೆಯೇ ಹೊರತು ಹಗಲಿಡೀ ನೋಡಿಕೊಳ್ಳುವುದಿಲ್ಲ. ರಾಜ್ಯ ಸರ್ಕಾರ 2023-24ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಶುರುಮಾಡಿತು. ಅವು ಹುಟ್ಟಿದ್ದು ಮುಖ್ಯವಾಗಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ. ಪಟ್ಟಣದ ಕಟ್ಟಡ ಕೆಲಸದ ತಾಯಿಗೆ ಅದು ದೂರದ ಮಾತು.

ನನ್ನ ಅಭಿಪ್ರಾಯದಲ್ಲಿ ಒಂದು ಧರ್ಮಕೇಂದ್ರಕ್ಕೆ ಒಂದೇ ಕೆಲಸ ಮಾಡುವಷ್ಟು ಶಕ್ತಿ ಇದ್ದರೆ ಅದು ಇದಾಗಬೇಕು: ಮೂರು ವರ್ಷದೊಳಗಿನ ಎಂಟು-ಹತ್ತು ಕೂಸುಗಳನ್ನು ಬೆಳಗ್ಗೆ ಎಂಟರಿಂದ ಸಂಜೆ ಐದೂವರೆಯವರೆಗೆ ನೋಡಿಕೊಳ್ಳುವ ಒಂದು ಕೋಣೆ. ವಾರದ ದಿನಗಳಲ್ಲಿ ಹೆಚ್ಚಿನ ಸಭಾಭವನಗಳು ಖಾಲಿಯೇ ಇರುತ್ತವೆ. ಸಂಬಳಕ್ಕೆ ಇಬ್ಬರು ಹೆಂಗಸರು, ಹಾಲು, ಗಂಜಿ, ಚಾಪೆ, ತೊಟ್ಟಿಲು, ಶುಚಿಯಾದ ಶೌಚಾಲಯ. ಅಲ್ಲಿಗೆ ಬರುವುದು ತಮ್ಮ, ಶಾಲೆಗೆ ಹೋಗುವುದು ಅಕ್ಕ. ಹುಡುಗಿಗೆ ಹತ್ತು ನೋಟ್‌ಬುಕ್ ಕೊಟ್ಟರೂ ಆಗದ ಕೆಲಸ ತಮ್ಮನಿಗೆ ಒಂದು ತೊಟ್ಟಿಲು ಕಟ್ಟಿದರೆ ಆಗುತ್ತದೆ.

ದುಡಿಯುವವರ ಸಮಯಕ್ಕೆ ಪಾಠದ ಸಮಯ ಹೊಂದಿಸುವುದು ನಮಗೆ ಹೊಸತೇನಲ್ಲ. ಅವಿಭಜಿತ ದಕ್ಷಿಣ ಕನ್ನಡದಿಂದ ಮುಂಬಯಿಗೆ ಹೋದ ನಮ್ಮದೇ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಕಚೇರಿ ಕ್ಯಾಂಟೀನಿನಲ್ಲಿ ಚಾ ಹಂಚಿ, ಸಂಜೆ ಫೋರ್ಟ್ ಪರಿಸರದ ಕನ್ನಡ ರಾತ್ರಿ ಶಾಲೆಗಳಲ್ಲಿ ಕುಳಿತು ಮೆಟ್ರಿಕ್ ಮಾಡಿದರು. ಆ ಶಾಲೆಗಳನ್ನು ಕಟ್ಟಿದ್ದು ಮೊಗವೀರರಂಥ ನಮ್ಮ ಸಮುದಾಯಗಳ ಸಂಘಗಳು, ಅವರೂ ವಲಸೆ ಹೋದವರೇ. ಅಲ್ಲಿ ಓದಿದವರಲ್ಲಿ ಬ್ಯಾಂಕು ಸೇರಿದವರಿದ್ದಾರೆ, ವಕೀಲರಾದವರಿದ್ದಾರೆ. ಆ ಶಾಲೆಗಳು ಹುಡುಗನನ್ನು ಹೋಟೆಲು ಬಿಟ್ಟು ಬಾ ಎನ್ನಲಿಲ್ಲ, ಹೋಟೆಲು ಬಿಡುವ ಹೊತ್ತಿಗೆ ಬಾಗಿಲು ತೆರೆದವು. ಹದಿನಾಲ್ಕರೊಳಗಿನ ಮಗುವಿಗೆ ಇವತ್ತು ಈ ಮಾತು ಅನ್ವಯಿಸದು, 2016ರ ತಿದ್ದುಪಡಿಯ ನಂತರ ಅವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ, ಶಾಲೆ ಬಿಟ್ಟ ಮೇಲೆ ಮನೆಯವರ ಕೆಲಸಕ್ಕೆ ಕೈಜೋಡಿಸುವುದಕ್ಕೆ ವಿನಾಯಿತಿ ಇದೆ. ಆದರೆ ಹದಿನೈದು-ಹದಿನಾರರ ಹುಡುಗರಿಗೆ ಅನ್ವಯಿಸುತ್ತದೆ. ಶಿಕ್ಷಣ ಹಕ್ಕಿನ ರಕ್ಷಣೆ ಹದಿನಾಲ್ಕಕ್ಕೆ ಮುಗಿಯುತ್ತದೆ, ಹುಡುಗ ಶಾಲೆಯಿಂದ ಮೆಲ್ಲನೆ ಜಾರುವುದೂ ಆಗಲೇ. ಹದಿನೈದು ತುಂಬಿದವರು ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಬಹುದು. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶವೂ ಬಂದಿದೆ, ಜಾತ್ರೆಗೆಂದು ಊರಿಗೆ ಹೋಗಿ ಗಣಿತದ ಪೇಪರು ತಪ್ಪಿಸಿಕೊಂಡವನಿಗೆ ಒಂದು ವರ್ಷ ಹಾಳಾಗಬೇಕಾಗಿಲ್ಲ. ಈ ಮಾಹಿತಿ ಅವನಿಗೆ ತಲುಪಬೇಕು, ಅಷ್ಟೆ.

ಹೊಟ್ಟೆಯ ವಿಷಯ ಚಿಕ್ಕದಾಗಿ ಹೇಳುವೆ. ಆಹಾರ ಭದ್ರತಾ ಕಾಯ್ದೆಯ ರೇಷನ್ ಕಾರ್ಡು ಈಗ ಊರಿಗೆ ಕಟ್ಟಿಹಾಕಿದ್ದಲ್ಲ. 2019ರಲ್ಲಿ ಶುರುವಾದ ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಗೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳೂ ಸೇರಿವೆ. ಆಧಾರ್ ಜೋಡಣೆಯಾಗಿದ್ದರೆ ಕೊಪ್ಪಳದ ಕಾರ್ಡಿನ ಅಕ್ಕಿಯನ್ನು ಮಲ್ಪೆಯ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳೊತ್ತಿ ಪಡೆಯಬಹುದು, ಒಡಿಶಾದವರಿಗೂ ಕೇಂದ್ರದ ಪಾಲು ಇಲ್ಲೇ ಸಿಗಬೇಕು. ಬೆರಳಚ್ಚು ಹೊಂದದೆ ವಾಪಸು ಬರುವವರೂ ಇದ್ದಾರೆ, ಸಿಮೆಂಟು ಹಿಡಿದ ಕೈಗಳಲ್ಲಿ ಗೆರೆಗಳು ಸವೆದಿರುತ್ತವೆ.

ಎಚ್ಚರಿಕೆಯ ಎರಡು ಮಾತು. ಮಕ್ಕಳೊಂದಿಗೆ ಕೆಲಸ ಮಾಡುವಲ್ಲಿ ಯಾವತ್ತೂ ಇಬ್ಬರು ದೊಡ್ಡವರಿರಲಿ, ಬಾಗಿಲು ತೆರೆದಿರಲಿ. ಲೈಂಗಿಕ ದೌರ್ಜನ್ಯದ ಶಂಕೆ ಬಂದರೂ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಅದು ಸಂಸ್ಥೆಯ ಹಿರಿಯರ ಒಪ್ಪಿಗೆಗೆ ಕಾಯುವ ವಿಷಯವಲ್ಲ, ಗುರುಗಳ ಒಪ್ಪಿಗೆಗೂ ಅಲ್ಲ. ಸಹಾಯವಾಣಿ 1098 ಮೊದಲಿನಂತೆಯೇ ಇದೆ, 2023ರಿಂದ ಅದನ್ನು ಸಂಘ-ಸಂಸ್ಥೆಗಳ ಬದಲು ಸರ್ಕಾರವೇ ನಡೆಸುತ್ತಿದೆ. ಎರಡನೆಯದು ಫೋಟೊ. ಸಂಪಾದಕನ ಮೇಜಿಗೆ ಬರುವ ಚಿತ್ರಗಳಲ್ಲಿ ಅರ್ಧಕ್ಕರ್ಧ ದಾನಿಗಳ ನಡುವೆ ನಿಂತು ಚೀಲ ಹಿಡಿದ ಮಗುವಿನದ್ದೇ. ಆ ಮಗು ಮರುದಿನ ಅದೇ ಶಾಲೆಗೆ ಹೋಗಬೇಕು, ಗೆಳೆಯರ ಮುಖ ನೋಡಬೇಕು. ಚೀಲದ ಚಿತ್ರ ಕಳಿಸಿ, ದಾನಿಗಳ ಹೆಸರು ಹಾಕೋಣ.

ಕೊನೆಗೆ, ಕೆಲಸ ಶುರುವಾಗಬೇಕಾದ್ದು ಜೂನಿನಲ್ಲೂ ಅಲ್ಲ, ಆಗಸ್ಟಿನಲ್ಲೂ ಅಲ್ಲ, ಅವರು ಊರಿಗೆ ಹೊರಡುವ ಮೊದಲು, ಮೇ ತಿಂಗಳಲ್ಲಿ. ಬಿಡಾರಗಳಿಗೆ ಹೋಗಿ ಕೈಗೆ ಒಂದು ಚೀಟಿ ಕೊಟ್ಟರೆ ಸಾಕು, ಓದಲು ಬಾರದವರಿಗೆ ಮಕ್ಕಳೇ ಓದಿ ಹೇಳುತ್ತಾರೆ. ಊರಿನಿಂದ ಬರುವಾಗ ತರಬೇಕಾದದ್ದು: ಮಗುವಿನ ಆಧಾರ್, ಜನನ ಪ್ರಮಾಣಪತ್ರ ಇದ್ದರೆ ಅದು, ಹಳೆಯ ಅಂಕಪಟ್ಟಿ ಅಥವಾ ಸ್ಯಾಟ್ಸ್ ಸಂಖ್ಯೆ ಬರೆದ ಒಂದು ತುಂಡು ಕಾಗದ, ರೇಷನ್ ಕಾರ್ಡಿನ ಜೆರಾಕ್ಸು, ನಾಡಕಚೇರಿಯಿಂದ ಜಾತಿ-ಆದಾಯ ಪ್ರಮಾಣಪತ್ರ (ಅದರ ಆರ್‌ಡಿ ಸಂಖ್ಯೆ ಇಲ್ಲದೆ ವಿದ್ಯಾರ್ಥಿವೇತನದ ಅರ್ಜಿ ಮುಂದೆ ಹೋಗುವುದಿಲ್ಲ). ಚೀಟಿಯ ಕೆಳಗೆ, ಮಂಗಳೂರಿಗೆ ಬಂದಿಳಿದ ದಿನ ಫೋನು ಮಾಡಬೇಕಾದವರ ಹೆಸರು ಮತ್ತು ಸಂಖ್ಯೆ.